ಆರೋಗ್ಯ ಸುಧಾರಣೆಗೆ ಇಷ್ಟೊಂದು ಸರ್ಕಾರಿ ಸಂಸ್ಥೆಗಳಿವೆ, ಹೊಸ ಸಾಧನ ವಾರ್ಡಿಗೆ ಬರುವುದು ಮಾತ್ರ ಯಾಕೆ ಇಷ್ಟು ಕಷ್ಟ?

ಪರೇಲ್ ಸಿಸ್ಟರ್
ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಆಸ್ಪತ್ರೆಯ ಹೆಸರು ಬೇಡ. ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ, ತಿಳಿದವರು ಹೇಳಿ.

ನಮ್ಮ ವಾರ್ಡಿಗೆ ಕೆಲವು ಎಂಜಿನಿಯರ್ ಹುಡುಗರು ಒಂದು ಸಣ್ಣ ಪೆಟ್ಟಿಗೆ ತಂದರು. ಸಲೈನ್ ಸೆಟ್ಟಿಗೆ ಸಿಕ್ಕಿಸಿದರೆ ಹನಿ ಎಣಿಸುತ್ತದೆ. ಹನಿ ನಿಂತರೆ, ವೇಗ ಜಾಸ್ತಿಯಾದರೆ, ಬಾಟಲಿ ಮುಗಿಯುತ್ತ ಬಂದರೆ ನಮ್ಮ ಟೇಬಲ್ ಹತ್ತಿರ ಬೀಪ್ ಆಗುತ್ತದೆ. ಹಾಸಿಗೆ ತುಂಬಿ, ನೆಲದ ಮೇಲೂ ಪೇಷಂಟ್ ಮಲಗಿರುವ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಕೇಂದ್ರದ ಒಂದು ಸಂಸ್ಥೆಯ ಗ್ರಾಂಟ್‌ನಿಂದ ಮಾಡಿದ್ದು ಅಂತ ಹುಡುಗರು ಹೇಳಿದ್ದರು. ಟ್ರಯಲ್ ಮುಗಿಯಿತು, ರಿಪೋರ್ಟ್ ಚೆನ್ನಾಗಿ ಬಂತು, ಪೆಟ್ಟಿಗೆಗಳನ್ನು ವಾಪಸ್ ತೆಗೆದುಕೊಂಡು ಹೋದರು. ನಾವು ಮತ್ತೆ ಗಡಿಯಾರ ನೋಡಿಕೊಂಡು ಹನಿ ಎಣಿಸುತ್ತಿದ್ದೇವೆ.

ನನ್ನ ಪ್ರಶ್ನೆ ಇಷ್ಟು. ಮಾಡೋಕೆ ದುಡ್ಡು ಕೊಡುವ ಸಂಸ್ಥೆ ಇದೆ. ಪರೀಕ್ಷೆ ಮಾಡೋಕೆ ಆಸ್ಪತ್ರೆ ಇದೆ. ಆಮೇಲೆ ಅದನ್ನು ವಾರ್ಡಿಗೆ ತರುವ ಕೆಲಸ ಯಾರದ್ದು? ಸರ್ಕಾರವನ್ನು ಸುಮ್ನೆ ಬೈಯೋದು ಬೇಡ, ಗೊತ್ತಿದ್ದವರು ವಿವರವಾಗಿ ಬರೆಯಿರಿ.

ಕಲ್ಯಾಣ್ ಲೋಕಲ್
ಟೆಂಡರ್ ಅಕ್ಕಾ, ಟೆಂಡರ್. ಅಲ್ಲೇ ನಿಲ್ಲುತ್ತದೆ ಎಲ್ಲ.

ಪುಣೆ ಸರ್ಕ್ಯೂಟ್
ಸಿಸ್ಟರ್, ನಾನು ಪುಣೆಯಲ್ಲಿ ಇದೇ ಕೆಲಸ ಮಾಡುವವನು. ಚಿಕ್ಕ ಕಂಪನಿ, ವೈದ್ಯಕೀಯ ಸಾಧನಗಳು. ದಾರಿ ಹೇಗಿದೆ ಅಂತ ಹೇಳುತ್ತೇನೆ.

ಮೊದಲ ದುಡ್ಡು ಹೆಚ್ಚಾಗಿ ಬೈರಾಕ್‌ನಿಂದ ಬರುತ್ತದೆ. ಬಯೋಟೆಕ್ನಾಲಜಿ ಇಲಾಖೆ 2012ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಅವರ 'ಬಿಗ್' ಗ್ರಾಂಟ್ 50 ಲಕ್ಷದವರೆಗೆ ಸಿಗುತ್ತದೆ, ಅವಧಿ 18 ತಿಂಗಳು. ಆ ದುಡ್ಡು ಐಡಿಯಾವನ್ನು ಕೆಲಸ ಮಾಡುವ ಮಾದರಿಯಾಗಿ ಮಾಡೋಕೆ. ಕೂರೋಕೆ ಜಾಗ, ಲ್ಯಾಬ್, ಸಲಹೆ ಬೇಕಾದರೆ ಇಲ್ಲಿ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಆವರಣದ ವೆಂಚರ್ ಸೆಂಟರ್ ಇದೆ. ನನ್ನಂಥವರಿಗೆ ಅದು ದೊಡ್ಡ ಆಸರೆ, ಅದನ್ನು ಮನಸ್ಸಿಟ್ಟು ಹೇಳುತ್ತೇನೆ.

ಆಮೇಲೆ ಲೈಸೆನ್ಸ್. 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಪ್ರಕಾರ ಸಾಧನಗಳಿಗೆ ಎ, ಬಿ, ಸಿ, ಡಿ ಅಂತ ವರ್ಗ ಇದೆ. ಅಪಾಯ ಹೆಚ್ಚಿದ್ದಷ್ಟೂ ಪರೀಕ್ಷೆ ಹೆಚ್ಚು. ಮೊದಲು ಕೆಲವೇ ಸಾಧನಗಳಿಗೆ ಲೈಸೆನ್ಸ್ ಬೇಕಿತ್ತು. ಎ ಮತ್ತು ಬಿ ವರ್ಗಕ್ಕೆ 2022ರ ಅಕ್ಟೋಬರ್‌ನಿಂದ, ಸಿ ಮತ್ತು ಡಿಗೆ 2023ರ ಅಕ್ಟೋಬರ್‌ನಿಂದ ಕಡ್ಡಾಯ ಆಯಿತು. ಇದು ಬೇಕೇ ಬೇಕು. ನನ್ನ ತಾಯಿಗೆ ಹಾಕುವ ಯಂತ್ರವನ್ನು ಯಾರೋ ನೋಡಿ ಒಪ್ಪಿರಬೇಕು, ಅಲ್ವಾ?

ಇಷ್ಟೆಲ್ಲ ಆಗುವಾಗ ಗ್ರಾಂಟ್ ಮುಗಿದಿರುತ್ತದೆ. ಆಗ ಆಸ್ಪತ್ರೆಯ ಟೆಂಡರ್ ನೋಡಿದರೆ ಮೂರು ವರ್ಷದ ಟರ್ನೋವರ್ ತೋರಿಸಿ, ಇದೇ ಸಾಧನವನ್ನು ಇಷ್ಟು ಕಡೆ ಪೂರೈಸಿದ ಸರ್ಟಿಫಿಕೇಟ್ ತೋರಿಸಿ ಅಂತ ಇರುತ್ತದೆ. ಹೊಸ ಸಾಧನಕ್ಕೆ ಹಳೇ ಸರ್ಟಿಫಿಕೇಟ್ ಎಲ್ಲಿಂದ ತರುವುದು? ಗದ್ದೆ ಉಳೋಕೆ ಸಾಲ ಕೊಟ್ಟು, ಬೀಜ ಕೊಟ್ಟು, ಕೊಯ್ಲಿನ ದಿನ ಕಣ ಇಲ್ಲ ಅಂದ ಹಾಗೆ.

ತೆರಿಗೆದಾರ ಠಾಣೆ
ಹಾಗಾದರೆ ಇಷ್ಟು ಸಂಸ್ಥೆ ಯಾಕೆ ಬೇಕು? ಬೈರಾಕ್, ವೈದ್ಯಕೀಯ ಸಂಶೋಧನೆಯ ಐಸಿಎಂಆರ್, ನೀತಿ ಆಯೋಗ, ಅದು ಇದು. ಎಲ್ಲರಿಗೂ ಕಟ್ಟಡ, ಕಾರು, ಸಮ್ಮೇಳನ. ನಮ್ಮ ತೆರಿಗೆ ದುಡ್ಡು. ಖಾಸಗಿಯವರಿಗೆ ಬಿಟ್ಟರೆ ಯಾವುದು ಉಪಯೋಗವೋ ಅದು ತಾನಾಗಿ ಉಳಿಯುತ್ತದೆ.

ಸೊರಬದ ಹುಡುಗಿ, ಕೋಥ್ರೂಡ್
ತೆರಿಗೆದಾರ ಸರ್, ಖಾಸಗಿಯವರು ನಮ್ಮ ಊರಿಗೆ ಬರುತ್ತಿರಲಿಲ್ಲ. ನಾನು ಶಿವಮೊಗ್ಗ ಜಿಲ್ಲೆಯವಳು. ಮಂಗನ ಕಾಯಿಲೆ ಮೊದಲು ಕಂಡದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ, 1957ರಲ್ಲಿ. ಕಾಡಿನಲ್ಲಿ ಮಂಗ ಸಾಯುತ್ತಿದ್ದವು, ಹಿಂದೆಯೇ ಜನರಿಗೆ ಜ್ವರ. ಬಂದು ರಕ್ತ ತೆಗೆದು, ಉಣ್ಣೆ ಅನ್ನುವ ರಕ್ತ ಹೀರುವ ಹುಳ ಹಿಡಿದು, ಇದು ಹೊಸ ವೈರಸ್ ಅಂತ ಪತ್ತೆ ಹಚ್ಚಿದ್ದು ಪುಣೆಯವರು. ಐಸಿಎಂಆರ್ ಮತ್ತು ರಾಕ್‌ಫೆಲ್ಲರ್ ಫೌಂಡೇಷನ್ ಸೇರಿ 1952ರಲ್ಲಿ ಕಟ್ಟಿದ ವೈರಸ್ ರಿಸರ್ಚ್ ಸೆಂಟರ್ ಅದು. ಈಗಿನ ಎನ್‌ಐವಿ, ರಾಷ್ಟ್ರೀಯ ವೈರಾಣು ಸಂಸ್ಥೆ. ನಾನು ದಿನಾ ಆಫೀಸಿಗೆ ಹೋಗುವ ಊರಿನಲ್ಲೇ ಆ ಕೆಲಸ ನಡೆದದ್ದು ಅಂತ ತಿಳಿದಾಗ ತುಂಬಾ ಹೆಮ್ಮೆ ಅನ್ನಿಸಿತು.

ಕಾಡಿಗೆ ಸೊಪ್ಪು, ದರಗು ತರೋಕೆ ಹೋಗುವ ಬಡವರಿಗೆ ಬರುವ ಕಾಯಿಲೆ ಇದು. ಇದರಲ್ಲಿ ಯಾವ ಕಂಪನಿಗೆ ಲಾಭ ಇದೆ?

ತೆರಿಗೆದಾರ ಠಾಣೆ
ಒಪ್ಪಿದೆ, 1957ರಲ್ಲಿ ಕಂಡುಹಿಡಿದರು. ಈಗ ಒಳ್ಳೆಯ ಲಸಿಕೆ ಎಲ್ಲಿ?

ಸೊರಬದ ಹುಡುಗಿ, ಕೋಥ್ರೂಡ್
ಅದೇ ನನ್ನ ನೋವು ಕೂಡ. ಹಳೇ ಲಸಿಕೆ ಇತ್ತು, ನಮ್ಮ ಮನೆಯವರೆಲ್ಲ ಹಾಕಿಸಿಕೊಂಡಿದ್ದರು. ಅದರ ಶಕ್ತಿ ಸಾಲದು ಅಂತ ನಿಲ್ಲಿಸಿದರು. ಐಸಿಎಂಆರ್ ಹೊಸದನ್ನು ಮಾಡಿಸುವ ಕೆಲಸಕ್ಕೆ ಇಳಿದಿದೆ. ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಊರಿನಿಂದ ಫೋನ್ ಬಂದರೆ ಭಯ ಆಗುತ್ತದೆ. ಆದರೆ ಇದಕ್ಕೆ ಪರಿಹಾರ ಸಂಸ್ಥೆ ಮುಚ್ಚುವುದಲ್ಲ, ಅದರ ಬೆನ್ನು ಹತ್ತುವುದು.

ಡೊಂಬಿವಲಿ ಮಾವ
ಸರ್ಕಾರಿ ಆಸ್ಪತ್ರೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎಲ್ಲರೂ ಟೆಂಡರ್ ಅಂತ ಬೈಯುತ್ತೀರಿ, ಅದಕ್ಕೇ ಬರೆಯಬೇಕು ಅನ್ನಿಸಿತು.

ಅಧಿಕಾರಿಗೆ ಹೊಸ ವಸ್ತು ಬೇಡ ಅಂತ ಇಲ್ಲಮ್ಮ. ಅವನಿಗೆ ಆಡಿಟ್ ಭಯ. ಒಂದೇ ಕಂಪನಿ ಮಾಡುವ ವಸ್ತುವನ್ನು ನೇರವಾಗಿ ಕೊಂಡರೆ, ನಾಲ್ಕು ವರ್ಷ ಬಿಟ್ಟು ಯಾರೋ ಬಂದು 'ಮೂರು ಕೊಟೇಷನ್ ಎಲ್ಲಿ' ಅಂತ ಕೇಳುತ್ತಾರೆ. ಆಗ ಇವನ ಪಿಂಚಣಿ ಫೈಲ್ ನಿಲ್ಲುತ್ತದೆ. ನನ್ನ ಜೊತೆಯವನೊಬ್ಬ ಡಾಕ್ಟರ್‌ಗಳು ಅವಸರ ಮಾಡಿದರು ಅಂತ ಒಂದು ಯಂತ್ರ ತರಿಸಿದ. ಯಂತ್ರ ಚೆನ್ನಾಗಿತ್ತು, ಜೀವ ಉಳಿಸಿತು. ಅವನು ಮಾತ್ರ ನಿವೃತ್ತಿ ಆದ ಮೇಲೂ ಉತ್ತರ ಬರೆಯುತ್ತಾ ಇದ್ದ.

ಎರಡನೆಯದು, ಕೊಂಡರೆ ಮುಗಿಯಲಿಲ್ಲ. ಕೆಟ್ಟರೆ ಯಾರು ರಿಪೇರಿ ಮಾಡುವುದು? ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ಯಾರ ತಲೆಗೆ? ಬಿಡಿ ಭಾಗ ಎಲ್ಲಿ? ಇಬ್ಬರು ಹುಡುಗರ ಕಂಪನಿ ನಾಳೆ ಮುಚ್ಚಿದರೆ ಪೆಟ್ಟಿಗೆಗಳೆಲ್ಲ ಕೆಟ್ಟ ಸಾಮಾನು ಹಾಕುವ ಕಂಡಮ್ ರೂಮಿಗೆ ಹೋಗುತ್ತವೆ.

ಮಹಾರಾಷ್ಟ್ರದಲ್ಲಿ ಖರೀದಿಯ ಕಥೆಯೇ ಉದ್ದ ಇದೆ. 2017ರಲ್ಲಿ ಔಷಧ, ಸಾಧನ ಕೊಳ್ಳುವ ಕೆಲಸವನ್ನು ರಾಜ್ಯ ಸರ್ಕಾರದ ಕಂಪನಿ ಹಾಫ್‌ಕಿನ್ ಬಯೋಫಾರ್ಮಾಗೆ ಕೊಟ್ಟರು. 2023ರಲ್ಲಿ ಅದಕ್ಕೆಂದೇ ಕಾನೂನು ಮಾಡಿ ಬೇರೆ ಪ್ರಾಧಿಕಾರ ತಂದರು. ವ್ಯವಸ್ಥೆ ಬದಲಾದಾಗಲೆಲ್ಲ ಫೈಲ್‌ಗಳು ಮೊದಲಿನಿಂದ ನಡೆಯಬೇಕು.

ಪುಣೆ ಸರ್ಕ್ಯೂಟ್
ಮಾವ, ಸ್ಟಾರ್ಟಪ್‌ಗಳಿಗೆ ಅನುಭವ, ಟರ್ನೋವರ್ ಷರತ್ತು ಸಡಿಲ ಮಾಡಬಹುದು ಅಂತ 2017ರ ಜನರಲ್ ಫೈನಾನ್ಷಿಯಲ್ ರೂಲ್ಸ್‌ನಲ್ಲೇ ಇದೆ. 173ನೇ ನಿಯಮ ನೋಡಿ.

ಡೊಂಬಿವಲಿ ಮಾವ
ಅದು ಕೇಂದ್ರದ್ದು. ರಾಜ್ಯಕ್ಕೆ, ಮುನ್ಸಿಪಾಲಿಟಿಗೆ ಬೇರೆ ಬೇರೆ ನಿಯಮ ಇದೆ. ಅಲ್ಲದೆ 'ಮಾಡಬಹುದು' ಅಂತ ಇದೆ, 'ಮಾಡಬೇಕು' ಅಂತ ಇಲ್ಲ. ಆಡಿಟ್‌ನವರ ಮುಂದೆ ಕೂತಾಗ ಆ ವ್ಯತ್ಯಾಸ ಗೊತ್ತಾಗುತ್ತದೆ.

ಮುಲುಂಡ್ ಟು ಲೀಡ್ಸ್
ಮೊದಲು ಮುಲುಂಡ್‌ನಲ್ಲಿದ್ದೆ, ಈಗ ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ 2005ರಲ್ಲಿ ಎನ್‌ಎಚ್‌ಎಸ್‌ಗಾಗಿ (ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ) 'ಇನ್‌ಸ್ಟಿಟ್ಯೂಟ್ ಫಾರ್ ಇನ್ನೋವೇಷನ್ ಅಂಡ್ ಇಂಪ್ರೂವ್‌ಮೆಂಟ್' ಅಂತಲೇ ಒಂದು ಸಂಸ್ಥೆ ತೆರೆದಿದ್ದರು. 2013ರಲ್ಲಿ ಮುಚ್ಚಿದರು. ಅದರ ಕೆಲಸದಲ್ಲಿ ನರ್ಸ್‌ಗಳಿಗೆ ಹತ್ತಿರವಾದದ್ದು 'ಪ್ರೊಡಕ್ಟಿವ್ ವಾರ್ಡ್' ಕಾರ್ಯಕ್ರಮ. ಯಾವ ಯಂತ್ರವೂ ಇಲ್ಲ. ವಾರ್ಡಿನಲ್ಲಿ ಸಾಮಾನು ಎಲ್ಲಿ ಇಟ್ಟರೆ ನಡಿಗೆ ಕಡಿಮೆಯಾಗುತ್ತದೆ, ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ಹೇಗೆ ಕೊಡಬೇಕು, ಪೇಷಂಟ್ ಹತ್ತಿರ ಇರೋಕೆ ಸಮಯ ಹೇಗೆ ಉಳಿಸುವುದು, ಇಂಥದ್ದೇ. ವಾರ್ಡಿನವರೇ ಕೂತು ಬದಲಾವಣೆ ಮಾಡುತ್ತಿದ್ದರು. ಮುಂಬೈಯಲ್ಲಿ ನಾನಿದ್ದಾಗ ಸಿರಿಂಜ್ ತರೋಕೆ ವಾರ್ಡಿನ ಆ ಕೊನೆಗೆ ಓಡುತ್ತಿದ್ದುದು ಇನ್ನೂ ನೆನಪಿದೆ.

ತೆರಿಗೆದಾರ ಠಾಣೆ
ನೋಡಿ, ಅವರೂ ಮುಚ್ಚಿದರು. ಇನ್ನೊಂದು, ಅಲ್ಲೇ ನೈಸ್ ಅಂತ ಇದೆಯಲ್ಲ, ಅದೂ ಇದೇ ತಾನೇ?

ಲೆಕ್ಕದ ಲತಾ
ಅಲ್ಲ ಸರ್, ನೈಸ್ ಬೇರೆ. ಅದು 1999ರಿಂದ ಇದೆ, ಹೊಸದನ್ನು ಮಾಡುವ ಸಂಸ್ಥೆ ಅಲ್ಲ. ಬಂದಿರುವ ಹೊಸ ಔಷಧ, ಹೊಸ ಸಾಧನಕ್ಕೆ ಸರ್ಕಾರದ ದುಡ್ಡು ಹಾಕುವುದು ಸರಿಯೇ, ಅದರಿಂದ ಎಷ್ಟು ಆರೋಗ್ಯ ಸಿಗುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತದೆ.

ನಾನು ಮುಂಬೈಯಲ್ಲಿ ಹೆಲ್ತ್ ಇಕನಾಮಿಕ್ಸ್ ಓದುತ್ತಿದ್ದೇನೆ. ನಮ್ಮಲ್ಲೂ ಇಂಥದ್ದು ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. 2017ರಲ್ಲಿ ಶುರುವಾಯಿತು. ಹೆಸರು ಹೆಲ್ತ್ ಟೆಕ್ನಾಲಜಿ ಅಸೆಸ್‌ಮೆಂಟ್ ಇನ್ ಇಂಡಿಯಾ. ಬೇರೆ ಬೇರೆ ರಾಜ್ಯಗಳಲ್ಲಿ ಕೇಂದ್ರಗಳಿವೆ. ಮುಂಬೈಯಲ್ಲಿ ಪರೇಲ್‌ನ ಎನ್‌ಐಆರ್‌ಆರ್‌ಸಿಎಚ್‌ನಲ್ಲಿ (ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯದ ಸಂಶೋಧನಾ ಸಂಸ್ಥೆ) ಒಂದು ಇದೆ. ಸಿಸ್ಟರ್ ಹೇಳಿದ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಒಂದಕ್ಕೆ ಎಷ್ಟು ಖರ್ಚು, ಎಷ್ಟು ಸಲ ತೊಂದರೆ ತಪ್ಪುತ್ತದೆ, ನರ್ಸ್ ಸಮಯ ಎಷ್ಟು ಉಳಿಯುತ್ತದೆ, ಅದಕ್ಕಿಂತ ಇನ್ನೊಬ್ಬ ನರ್ಸ್ ನೇಮಕ ಮಾಡುವುದು ಒಳ್ಳೆಯದೇ ಅಂತೆಲ್ಲ ನೋಡಬೇಕು.

ನಿಗಡಿ ಡಾಕ್ಟರ್
ಐಸಿಎಂಆರ್ ಕೆಳಗಿನ ಸಂಸ್ಥೆ ಅಲ್ವಾ ಅದು?

ಲೆಕ್ಕದ ಲತಾ
ಇಲ್ಲ ಡಾಕ್ಟರ್, ಅದು ಆರೋಗ್ಯ ಸಂಶೋಧನಾ ಇಲಾಖೆಯ ಕೆಳಗೆ ಬರುತ್ತದೆ. ಆ ಇಲಾಖೆಯ ಕಾರ್ಯದರ್ಶಿಯೇ ಐಸಿಎಂಆರ್‌ನ ಮುಖ್ಯಸ್ಥರೂ ಆಗಿರುತ್ತಾರೆ, ಅದಕ್ಕೇ ಹಾಗೆ ಅನ್ನಿಸುತ್ತದೆ. ಅವರು ಕೊಡುವುದು ಸಲಹೆ. ಒಪ್ಪುವುದು, ಬಿಡುವುದು ಸರ್ಕಾರಕ್ಕೆ ಬಿಟ್ಟದ್ದು.

ಪರೇಲ್ ಸಿಸ್ಟರ್
ಲತಾ, ಇನ್ನೊಬ್ಬ ನರ್ಸ್ ನೇಮಕ ಅಂದಿರಲ್ಲ, ಅದಕ್ಕೆ ನಾನು ಎರಡೂ ಕೈ ಎತ್ತುತ್ತೇನೆ. ಪೆಟ್ಟಿಗೆ ಬಂತು ಅಂತ ನರ್ಸ್ ಹುದ್ದೆ ಖಾಲಿ ಬಿಡುವ ಹಾಗೆ ಆಗಬಾರದು. ಬೀಪ್ ಆದಾಗ ಎದ್ದು ಹೋಗೋಕೆ ಮನುಷ್ಯರು ಬೇಕು.

ವಾಸ್ಕೋ ಬಸು
ಎಲ್ಲರೂ ಬರೀ ಕೆಟ್ಟದ್ದೇ ಹೇಳುತ್ತೀರಿ, ನಾನೊಂದು ಒಳ್ಳೆಯದು ಹೇಳುತ್ತೇನೆ. ನಮ್ಮದು ಬಾಗಲಕೋಟೆ ಕಡೆ, ಗೋವಾಕ್ಕೆ ಬಂದು ಬಹಳ ವರ್ಷ ಆಯಿತು. ನಮ್ಮ ಕಾಕಾನಿಗೆ ರಾತ್ರಿ ಊಟ ಆದ ಮೇಲೆ ಎದೆ ಹಿಡಿಯಿತು. ಗ್ಯಾಸ್ ಅಂತ ಕಾಕೂ ಸೋಡಾ ಕೊಟ್ಟಳು. ಬೆವರು ನೋಡಿ ನನಗೆ ಹೆದರಿಕೆ ಆಗಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಹೃದಯದ ಡಾಕ್ಟರ್ ಇರಲಿಲ್ಲ. ಆದರೂ ಇಸಿಜಿ ತೆಗೆದರು, ಸ್ವಲ್ಪ ಹೊತ್ತಿನಲ್ಲಿ ಎಲ್ಲಿಂದಲೋ ರಿಪೋರ್ಟ್ ಬಂತು, ಹಾರ್ಟ್ ಅಟ್ಯಾಕ್ ಅಂತ. ರಕ್ತದ ಗಡ್ಡೆ ಕರಗುವ ಇಂಜೆಕ್ಷನ್ ಅಲ್ಲೇ ಕೊಟ್ಟು, ಆಂಬುಲೆನ್ಸ್‌ನಲ್ಲಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ, ಜಿಎಂಸಿಗೆ, ಕಳಿಸಿದರು. ಕಾಕಾ ಈಗ ಸಂತೆಗೆ ತಾವೇ ಹೋಗಿ ಬರುತ್ತಾರೆ. ಒಂದು ರೂಪಾಯಿ ಇಂಜೆಕ್ಷನ್‌ಗೆ ಕೇಳಲಿಲ್ಲ.

ನಿಗಡಿ ಡಾಕ್ಟರ್
ಬಸು, ಅದು ಸ್ಟೆಮಿ ಗೋವಾ ಯೋಜನೆ. ಸ್ಟೆಮಿ ಅಂದರೆ ತೀವ್ರ ಬಗೆಯ ಹಾರ್ಟ್ ಅಟ್ಯಾಕ್. ಇಸಿಜಿ ಓದಿದ್ದು ಬೆಂಗಳೂರಿನ ಟ್ರೈಕಾಗ್ ಕಂಪನಿಯವರು ಇರಬೇಕು. ಅವರೇ ಅದಕ್ಕೆ ಜೊತೆಗಾರರು. ಸಣ್ಣ ಆಸ್ಪತ್ರೆಯಲ್ಲಿ ಇಸಿಜಿ ಮತ್ತು ಇಂಜೆಕ್ಷನ್, ದೊಡ್ಡ ಆಸ್ಪತ್ರೆಯಲ್ಲಿ ಮುಂದಿನ ಚಿಕಿತ್ಸೆ. ಹೃದಯದ ರಕ್ತನಾಳ ಕಟ್ಟಿದಾಗ ಪ್ರತಿ ನಿಮಿಷಕ್ಕೂ ಸ್ನಾಯು ಸಾಯುತ್ತಾ ಹೋಗುತ್ತದೆ. ಆಂಬುಲೆನ್ಸ್‌ನಲ್ಲಿ ಕಳೆಯುವ ಸಮಯಕ್ಕೆ ಮೊದಲೇ ಇಂಜೆಕ್ಷನ್ ಬಿದ್ದರೆ ಅಷ್ಟು ಹೃದಯ ಉಳಿಯುತ್ತದೆ.

ಈ ಉದಾಹರಣೆ ಸಿಸ್ಟರ್ ಪ್ರಶ್ನೆಗೆ ಸರಿಯಾಗಿ ಹೊಂದುತ್ತದೆ. ಆ ಇಂಜೆಕ್ಷನ್ ಹೊಸದಲ್ಲ. ಇಸಿಜಿ ಹೊಸದಲ್ಲ. ಇಂಜೆಕ್ಷನ್ ಸ್ಟಾಕ್ ಯಾರು ಇಡಬೇಕು, ರಿಪೋರ್ಟ್ ಯಾರು ಕೊಡಬೇಕು, ಪೇಷಂಟ್ ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಸರ್ಕಾರ ಮೊದಲೇ ಬರೆದಿಟ್ಟಿತು. ದುಡ್ಡು ಕೊಟ್ಟಿತು. ಅದಕ್ಕೇ ನಡೆಯಿತು.

ಕಾರವಾರದವನು, ಮಡಗಾಂವ್
ಜಿಎಂಸಿ ಚೆನ್ನಾಗಿದೆ ನಿಜ. ಆದರೆ 2018ರಿಂದ ಗೋವಾದವರಲ್ಲದವರಿಗೆ ಶುಲ್ಕ ಹಾಕಿದರು. ನಮ್ಮ ಕಾರವಾರ, ಅಂಕೋಲಾದಿಂದ ತಲೆತಲಾಂತರದಿಂದ ಅಲ್ಲಿಗೇ ಹೋಗುತ್ತಿದ್ದೆವು. ಹತ್ತಿರದ ದೊಡ್ಡ ಆಸ್ಪತ್ರೆ ಅದೇ.

ವಾಸ್ಕೋ ಬಸು
ಅಣ್ಣ, ಇಲ್ಲಿ ಟ್ಯಾಕ್ಸ್ ಕಟ್ಟುವವರಿಗೆ ಬೆಡ್ ಸಿಗಬೇಕಲ್ವಾ?

ಕಾರವಾರದವನು, ಮಡಗಾಂವ್
ನೀವೂ ಹೊರಗಿನಿಂದ ಬಂದವರೇ ಬಸಣ್ಣ. ರೇಷನ್ ಕಾರ್ಡ್ ಇಲ್ಲದ ಬೈನಾದ ಕೂಲಿಯವರನ್ನು ಕೇಳಿ, ಆ ಶುಲ್ಕ ಎಷ್ಟು ಭಾರ ಅಂತ ಹೇಳುತ್ತಾರೆ. ಉತ್ತರ ಕನ್ನಡಕ್ಕೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ!

ನಿರ್ವಾಹಕ
ಕಾರವಾರ ಆಸ್ಪತ್ರೆ ಬಗ್ಗೆ ಬೇರೆ ಚರ್ಚೆ ತೆರೆಯಿರಿ, ಖಂಡಿತ ಬೇಕಾದದ್ದು. ಇಲ್ಲಿ ಮೂಲ ವಿಷಯಕ್ಕೆ ಬನ್ನಿ.

ಸೊರಬದ ಹುಡುಗಿ, ಕೋಥ್ರೂಡ್
ಬಸಣ್ಣ, ಕರ್ನಾಟಕದಲ್ಲೂ 2023ರಿಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅದೇ ಇಂಜೆಕ್ಷನ್ ಉಚಿತ, ಜಯದೇವದಂಥ ದೊಡ್ಡ ಆಸ್ಪತ್ರೆಗಳಿಗೆ ತಾಲ್ಲೂಕು ಆಸ್ಪತ್ರೆಗಳ ಜೋಡಣೆ. ಊರಲ್ಲಿರುವ ಹಿರಿಯರಿಗೆ ತಿಳಿಸಿ.

ಪರೇಲ್ ಸಿಸ್ಟರ್
ಡಾಕ್ಟರ್ ಹೇಳಿದ್ದು ನನಗೆ ಹಿಡಿಸಿತು. ಹೊಸತನ ಅಂದರೆ ಯಂತ್ರ ಅಂತ ಮಾತ್ರ ತಿಳಿಯಬಾರದು. ನಮ್ಮ ಮುಂಬೈಯದ್ದೇ ಉದಾಹರಣೆ ಸಯನ್ ಆಸ್ಪತ್ರೆಯ ಎದೆಹಾಲಿನ ಬ್ಯಾಂಕ್. 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಶುರು ಮಾಡಿದರು, ಏಷ್ಯಾದಲ್ಲೇ ಮೊದಲನೆಯದು. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ತಾಯಿಯ ಹಾಲು ಸಿಗದಿದ್ದರೆ ಇನ್ನೊಬ್ಬ ತಾಯಿಯ ಹಾಲನ್ನು ಪಾಶ್ಚರೀಕರಿಸಿ ಕೊಡುವುದು. ಮುನ್ಸಿಪಲ್ ಆಸ್ಪತ್ರೆಯಲ್ಲಿ, ಧಾರಾವಿಯ ಪಕ್ಕದಲ್ಲಿ! ಅಲ್ಲಿ ಕೆಲಸ ಮಾಡಿದ ಹಿರಿಯ ಸಿಸ್ಟರ್ ಒಬ್ಬರು ಹೇಳುತ್ತಿದ್ದರು, ಹಾಲು ಕೊಡೋಕೆ ತಾಯಂದಿರನ್ನು ಒಪ್ಪಿಸುವ ಕೆಲಸವನ್ನು ಹೆಚ್ಚಾಗಿ ಮಾಡಿದ್ದು ನರ್ಸ್ ಮತ್ತು ಮಾವಶಿಗಳೇ (ವಾರ್ಡಿನ ಆಯಾಗಳು) ಅಂತ.

ನಿಗಡಿ ಡಾಕ್ಟರ್
ಗಡಚಿರೋಲಿಯನ್ನೂ ಸೇರಿಸಿ. ಡಾ. ಅಭಯ್ ಮತ್ತು ರಾಣಿ ಬಂಗ್ ಹಳ್ಳಿಯ ಹೆಣ್ಣುಮಕ್ಕಳಿಗೆ ಕಲಿಸಿ, ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ಮಾಡಿಸಿ, ಶಿಶು ಮರಣ ಇಳಿಯುತ್ತದೆ ಅಂತ ತೋರಿಸಿದರು. 1999ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಶದಾದ್ಯಂತ ಆಶಾ ಕಾರ್ಯಕರ್ತೆಯರ ಮೂಲಕ ಸರ್ಕಾರ ಅದನ್ನು ಜಾರಿಗೆ ತಂದದ್ದು 2011ರಲ್ಲಿ. 12 ವರ್ಷ! ಆ ನಡುವಿನ ವರ್ಷಗಳನ್ನು ಕಡಿಮೆ ಮಾಡುವುದೇ ಇಂಥ ಸಂಸ್ಥೆಗಳ ಕೆಲಸ ಅಂತ ನನ್ನ ಅಭಿಪ್ರಾಯ.

ಮುಲುಂಡ್ ಟು ಲೀಡ್ಸ್
ಭಾರತದಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲವೇ?

ಲೆಕ್ಕದ ಲತಾ
ಇದ್ದಾರೆ. ದೆಹಲಿಯ ಎನ್‌ಎಚ್‌ಎಸ್‌ಆರ್‌ಸಿ. ರಾಷ್ಟ್ರೀಯ ಆರೋಗ್ಯ ಮಿಷನ್‌ಗೆ ತಾಂತ್ರಿಕ ಸಹಾಯ ಕೊಡುವ ಸಂಸ್ಥೆ. ರಾಜ್ಯಗಳಲ್ಲಿ ನಡೆದ ಒಳ್ಳೆಯ ಪ್ರಯೋಗಗಳನ್ನು ಸೇರಿಸೋಕೆ ಪೋರ್ಟಲ್, ವರ್ಷಕ್ಕೊಂದು ಸಮಾವೇಶ ಎಲ್ಲ ಇದೆ. ಆಸ್ಪತ್ರೆಗಳ ಗುಣಮಟ್ಟದ ಮಾನದಂಡ ಅವರದ್ದೇ. ಹೆರಿಗೆ ಕೋಣೆ ಸುಧಾರಿಸುವ 'ಲಕ್ಷ್ಯ' 2017ರದ್ದು, ಸ್ವಚ್ಛತೆಯ 'ಕಾಯಕಲ್ಪ' 2015ರದ್ದು.

ಡೊಂಬಿವಲಿ ಮಾವ ರಿಪೇರಿ ಬಗ್ಗೆ ಹೇಳಿದರಲ್ಲ, ಅದಕ್ಕೂ ಇಲ್ಲೇ ಉತ್ತರ ಇದೆ. ಸರ್ಕಾರಿ ಆಸ್ಪತ್ರೆಗಳ ಯಂತ್ರಗಳ ಪಟ್ಟಿ ಮಾಡಿಸಿದಾಗ ಬೇರೆ ಬೇರೆ ರಾಜ್ಯಗಳಲ್ಲಿ 13ರಿಂದ 34 ಶೇಕಡಾ ಯಂತ್ರಗಳು ಕೆಲಸ ಮಾಡುತ್ತಿರಲಿಲ್ಲ. ಆಮೇಲೆ ನಿರ್ವಹಣೆಗೆ ರಾಷ್ಟ್ರೀಯ ಕಾರ್ಯಕ್ರಮ ತಂದರು. ಜಿಲ್ಲಾ ಆಸ್ಪತ್ರೆಯಲ್ಲಿ ಯಂತ್ರಗಳು 95 ಶೇಕಡಾ ಸಮಯ, ಸಮುದಾಯ ಆರೋಗ್ಯ ಕೇಂದ್ರದಲ್ಲಿ 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 80 ಶೇಕಡಾ ಸಮಯ ನಡೆಯುತ್ತಿರಬೇಕು ಅಂತ ಗುರಿ.

ಡೊಂಬಿವಲಿ ಮಾವ
34 ಶೇಕಡಾ! ನನಗೆ ಆಶ್ಚರ್ಯ ಇಲ್ಲ. ಕಂಡಮ್ ರೂಮಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು.

ಕಲ್ಯಾಣ್ ಲೋಕಲ್
ಲಕ್ಷ್ಯ ಬರೀ ಅಂಕದ ಆಟ. ನನ್ನ ಹೆಂಡತಿ ಹೆರಿಗೆ ಆದ ಕಡೆ ಪರೀಕ್ಷಕರು ಬರುವ ವಾರ ಹೊಸ ಪರದೆ, ಗೋಡೆ ತುಂಬಾ ಪೋಸ್ಟರ್. ಅವರು ಹೋದ ಮೇಲೆ ಪರದೆ ಎಲ್ಲಿಗೆ ಹೋಯಿತೋ.

ಪರೇಲ್ ಸಿಸ್ಟರ್
ಅಣ್ಣ, ಹಾಗೆ ಆಗುವ ಕಡೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಗೆಳತಿ ಕೆಲಸ ಮಾಡುವ ಗ್ರಾಮೀಣ ಆಸ್ಪತ್ರೆಯಲ್ಲಿ ಇದರಿಂದಲೇ ಹೆರಿಗೆ ಸಮಯಕ್ಕೆ ತಾಯಿಯೋ ಅತ್ತೆಯೋ ಜೊತೆಗೆ ಇರಲಿ ಅಂತ ಒಪ್ಪಿದರು. ಮೊದಲು ಹೆಂಗಸು ಒಬ್ಬಳೇ ಕಿರುಚಿಕೊಂಡು ಮಲಗಿರುತ್ತಿದ್ದಳು. ಬೈಗುಳ ಬೇರೆ. ಆ ಒಂದು ಬದಲಾವಣೆಗಾಗಿಯೇ ನಾನು ಅದನ್ನು ಬಿಟ್ಟುಕೊಡುವುದಿಲ್ಲ. ಅಂಕ ಹಾಕುವ ದಿನ ಮಾತ್ರ ಅಲ್ಲ, ಹೇಳದೆ ಕೇಳದೆ ಬರಲಿ ಅನ್ನಿ, ಅದಕ್ಕೆ ನನ್ನ ಒಪ್ಪಿಗೆ.

ತೆರಿಗೆದಾರ ಠಾಣೆ
ಸರಿ, ಮುಚ್ಚಿ ಅನ್ನುವುದನ್ನು ಬಿಡುತ್ತೇನೆ. ಆದರೆ ದೊಡ್ಡ ಚಿಕಿತ್ಸೆಯಲ್ಲಿ, ಕ್ಯಾನ್ಸರ್‌ನಂಥದ್ದರಲ್ಲಿ, ಸರ್ಕಾರಿ ದುಡ್ಡಿನಿಂದ ಏನು ಬಂದಿದೆ?

ಫಾರ್ಮಸಿ ಪೈ, ಚೆಂಬೂರ್
ಇದಕ್ಕೆ ನಾನು ಹೇಳಬೇಕು. ನೆಕ್ಸ್‌ಕಾರ್-19 ಬಂದದ್ದು ನಮ್ಮ ಊರಿನಿಂದಲೇ. ಪವಾಯಿಯ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಸೇರಿ ಮಾಡಿದ್ದು. ರೋಗಿಯ ಟಿ-ಕೋಶಗಳನ್ನು ತೆಗೆದು, ಕ್ಯಾನ್ಸರ್ ಗುರುತಿಸುವ ಹಾಗೆ ಬದಲಾಯಿಸಿ ವಾಪಸ್ ಕೊಡುವ ಚಿಕಿತ್ಸೆ. ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗಳಿಗೆ. 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು, 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ಬಂದು ಬಿಡುಗಡೆ ಮಾಡಿದರು. ಬೈರಾಕ್ ದುಡ್ಡೂ ಇದರಲ್ಲಿ ಇದೆ. ಅಮೆರಿಕದಲ್ಲಿ ಮೂರು ಕೋಟಿಗೆ ಹತ್ತಿರದ ಚಿಕಿತ್ಸೆ ಇಲ್ಲಿ 40–50 ಲಕ್ಷಕ್ಕೆ ಬಂತು. ಅದೂ ಬಡವರಿಗೆ ದೂರವೇ, ಆದರೆ ದಾರಿ ತೆರೆಯಿತು.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು ಬೇರೆ ಎರಡು. ಒಂದು, ವಿನೆಗರ್ ಪರೀಕ್ಷೆ. ಟಾಟಾದವರು ಮುಂಬೈಯ ಬಡ ಬಸ್ತಿಗಳಲ್ಲಿ ಸುಮಾರು 1.5 ಲಕ್ಷ ಹೆಂಗಸರ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿದರು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ವಿನೆಗರ್ ಹಚ್ಚಿ ಕಣ್ಣಿನಿಂದಲೇ ನೋಡುವುದು, ಅಷ್ಟೇ. ಗರ್ಭಕೊರಳಿನ ಕ್ಯಾನ್ಸರ್‌ನಿಂದ ಸಾಯುವುದು 31 ಶೇಕಡಾ ಇಳಿಯಿತು ಅಂತ 2013ರಲ್ಲಿ ಪ್ರಕಟಿಸಿದರು.

ಎರಡನೆಯದು ಖರೀದಿ. ಟಾಟಾ ಮೆಮೋರಿಯಲ್ ನಡೆಸುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ 2012ರಲ್ಲಿ ಶುರುವಾಯಿತು. ದೇಶದ ನೂರಾರು ಕ್ಯಾನ್ಸರ್ ಕೇಂದ್ರಗಳು ಅದರಲ್ಲಿವೆ. ಅವುಗಳಲ್ಲಿ ಕೆಲವು ಸೇರಿ ಮೊದಲು 40 ಔಷಧಗಳಿಗೆ ಒಟ್ಟಾಗಿ ಬೆಲೆ ಮಾತಾಡಿದವು. ಬೆಲೆ 23ರಿಂದ 99 ಶೇಕಡಾವರೆಗೆ ಇಳಿಯಿತು. ಔಷಧದ ಕೌಂಟರ್‌ನಲ್ಲಿ ನಿಂತವನಿಗೆ ಇದರ ಅರ್ಥ ಗೊತ್ತು. ಬಿಲ್ ನೋಡಿ ಅರ್ಧ ಕೋರ್ಸ್ ಸಾಕು ಅಂತ ಹೊರಟು ಹೋಗುವವರನ್ನು ಕಂಡಿದ್ದೇನೆ.

ಪುಣೆ ಸರ್ಕ್ಯೂಟ್
ಪೈ ಮಾಮ್, ಇದೇ ಬೇಕಾದದ್ದು. ಹತ್ತು ಆಸ್ಪತ್ರೆ ಸೇರಿ 'ಪರೀಕ್ಷೆಯಲ್ಲಿ ಪಾಸಾದರೆ ಇಷ್ಟು ಸಾವಿರ ಕೊಳ್ಳುತ್ತೇವೆ' ಅಂತ ಮೊದಲೇ ಹೇಳಿದರೆ ಬ್ಯಾಂಕ್ ಕೂಡ ನನಗೆ ಸಾಲ ಕೊಡುತ್ತದೆ. ಗ್ರಾಂಟ್‌ಗಿಂತ ಒಂದು ಖಾತ್ರಿ ಆರ್ಡರ್ ದೊಡ್ಡದು.

ಡೊಂಬಿವಲಿ ಮಾವ
ಔಷಧ ಬೇರೆ, ಸಾಧನ ಬೇರೆ. ಮಾತ್ರೆಗೆ ರಿಪೇರಿ ಬೇಡ.

ಪುಣೆ ಸರ್ಕ್ಯೂಟ್
ಐದು ವರ್ಷದ ನಿರ್ವಹಣೆ ಬೆಲೆಯಲ್ಲೇ ಸೇರಿಸಿ ಕೊಡುತ್ತೇವೆ ಮಾವ. ಕೇಳಬೇಕಷ್ಟೇ.

ಲೆಕ್ಕದ ಲತಾ
ಐಐಟಿ ಬಾಂಬೆಯ ವೈದ್ಯಕೀಯ ಸಾಧನಗಳ ಕೇಂದ್ರ ಬೆಟಿಕ್ ಬಗ್ಗೆ ಯಾರೂ ಹೇಳಲೇ ಇಲ್ಲ. ಮಹಾರಾಷ್ಟ್ರ ಸರ್ಕಾರದ ರಾಜೀವ್ ಗಾಂಧಿ ವಿಜ್ಞಾನ ತಂತ್ರಜ್ಞಾನ ಆಯೋಗದ ಹಣದಿಂದ 2014ರಲ್ಲಿ ಶುರುವಾಯಿತು. ಪುಣೆಯ ಸಿಒಇಪಿ, ನಾಗಪುರದ ವಿಎನ್‌ಐಟಿ ಎಂಜಿನಿಯರಿಂಗ್ ಸಂಸ್ಥೆಗಳೂ ಸೇರಿದ್ದವು. ಕಟ್ಟಿದ ಪ್ರೊ. ಬಿ. ರವಿ ಆಮೇಲೆ ನಮ್ಮ ಸುರತ್ಕಲ್ ಎನ್‌ಐಟಿಕೆಗೆ ನಿರ್ದೇಶಕರಾಗಿ ಹೋದರು. ಅಲ್ಲಿಯ ಪದ್ಧತಿ ನನಗೆ ಇಷ್ಟ. ಡಾಕ್ಟರ್‌ಗಳು ತಮ್ಮ ಕಷ್ಟ ಹೇಳುತ್ತಾರೆ, ಎಂಜಿನಿಯರ್‌ಗಳು ಅದಕ್ಕೆ ಸಾಧನ ಮಾಡುತ್ತಾರೆ. ಆಯು ಡಿವೈಸಸ್‌ನ ಡಿಜಿಟಲ್ ಸ್ಟೆತೊಸ್ಕೋಪ್ ಅಲ್ಲಿಂದ ಬಂದದ್ದು.

ಪರೇಲ್ ಸಿಸ್ಟರ್
ಡಾಕ್ಟರ್‌ಗಳು ಹೇಳುತ್ತಾರೆ, ಒಳ್ಳೆಯದು. ನರ್ಸ್‌ಗಳನ್ನು ಯಾರು ಕೇಳುತ್ತಾರೆ? ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗುತ್ತಾರೆ, ಮಿಕ್ಕ ಹೊತ್ತು ಪೇಷಂಟ್ ಹತ್ತಿರ ಇರುವವರು ನಾವು. ಆ ಹನಿ ಪೆಟ್ಟಿಗೆಯ ಹುಡುಗರಿಗೆ ಮೊದಲ ದಿನವೇ ನಾನು ಕೇಳಿದ್ದೆ, ಮಕ್ಕಳ ಮೈಕ್ರೋ ಸೆಟ್‌ನಲ್ಲಿ 60 ಹನಿಗೆ 1 ಎಂಎಲ್, ದೊಡ್ಡವರ ಸೆಟ್‌ನಲ್ಲಿ ಹೆಚ್ಚಾಗಿ 20 ಹನಿಗೆ 1 ಎಂಎಲ್, ಎರಡಕ್ಕೂ ಬೇರೆ ಬಟನ್ ಇದೆಯಾ ಅಂತ. ಇರಲಿಲ್ಲ. ಆಮೇಲೆ ಹಾಕಿದರು. ಒಬ್ಬ ನರ್ಸ್ ಶುರುವಿನಲ್ಲೇ ಅವರ ಜೊತೆ ಕೂತಿದ್ದರೆ ಆಗಲೇ ಬರುತ್ತಿತ್ತು. ಗ್ರಾಂಟ್ ಕೊಡುವ ಸಮಿತಿಗಳಲ್ಲಿ ನರ್ಸ್‌ಗೆ ಒಂದು ಕುರ್ಚಿ ಇಡಿ, ಇದು ನನ್ನ ಬೇಡಿಕೆ.

ಮುಲುಂಡ್ ಟು ಲೀಡ್ಸ್
ಸಾವಿರ ಸಲ ಒಪ್ಪುತ್ತೇನೆ.

ಫಾರ್ಮಸಿ ಪೈ, ಚೆಂಬೂರ್
ಮಾವಶಿಗಳನ್ನೂ ಸೇರಿಸಿ ಸಿಸ್ಟರ್. ಪೇಷಂಟ್ ಎತ್ತುವ, ತೊಳೆಯುವ ಕೆಲಸ ಅವರದ್ದು.

ಕಲ್ಯಾಣ್ ಲೋಕಲ್
ಆರೋಗ್ಯ ದಾಖಲೆಗಳನ್ನು ಜೋಡಿಸುವ ಆಭಾ ಕಾರ್ಡ್ ಬಗ್ಗೆ ಯಾರಾದರೂ ಹೇಳಿ. 14 ಅಂಕಿಯ ನಂಬರ್ ಮಾಡಿಸಿಕೊಂಡೆ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಓಪಿಡಿ ಟೋಕನ್ ಬೇಗ ಸಿಗುತ್ತದೆ, ಕೇಸ್ ಪೇಪರ್ ಸಾಲಿನಲ್ಲಿ ನಿಲ್ಲಬೇಕಿಲ್ಲ. ನನಗೆ ಉಪಯೋಗ ಆಗಿದೆ.

ಡೊಂಬಿವಲಿ ಮಾವ
ಸ್ಮಾರ್ಟ್ ಫೋನ್ ಇಲ್ಲದ ಮುದುಕರು ಏನು ಮಾಡಬೇಕು? ನನ್ನ ಅಕ್ಕ ಸ್ಕ್ಯಾನ್ ಮಾಡುವವರನ್ನು ನೋಡುತ್ತ ಹಳೇ ಸಾಲಿನಲ್ಲಿ ನಿಂತಿದ್ದಳು. ಅವರಿಗಾಗಿ ಒಬ್ಬ ಹುಡುಗನನ್ನು ಕೂರಿಸಲಿ.

ನಿಗಡಿ ಡಾಕ್ಟರ್
ಹಳೇ ರಿಪೋರ್ಟ್ ಕೈಗೆ ಸಿಕ್ಕರೆ ಅದೇ ಪರೀಕ್ಷೆ ಮತ್ತೆ ಮಾಡಿಸುವುದು ತಪ್ಪುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆಯಾದ ರಿಪೋರ್ಟ್ ತರುವ ಪೇಷಂಟ್‌ಗಳು ದಿನಾ ಬರುತ್ತಾರೆ. ಆದರೆ ಆ ಲಾಭ ಎಲ್ಲ ಆಸ್ಪತ್ರೆಗಳೂ ದಾಖಲೆ ಹಾಕಿದಾಗ ಮಾತ್ರ.

ಪರೇಲ್ ಸಿಸ್ಟರ್
ಮಾವ, ನಿಮ್ಮ ಅನುಭವದಿಂದ ಹೇಳಿ. ನಮ್ಮಂಥ ವಾರ್ಡಿನವರು ಒಂದು ಸಾಧನ ಬೇಕು ಅಂತ ಎಲ್ಲಿಂದ ಶುರು ಮಾಡಬೇಕು?

ಡೊಂಬಿವಲಿ ಮಾವ
ಮೊದಲು ಕಂಪನಿ ಹೆಸರು ಬರೆಯಬೇಡಮ್ಮ. ಬರೆದರೆ ಅಲ್ಲಿಗೇ ಫೈಲ್ ಮುಗಿಯಿತು. ಸಾಧನ ಏನು ಮಾಡಬೇಕು ಅಂತ ಬರೆ. ಬ್ಯಾಟರಿ ಎಷ್ಟು ಹೊತ್ತು ನಡೆಯಬೇಕು, ಯಾವ ಯಾವ ಸೆಟ್‌ಗೆ ಹೊಂದಬೇಕು, ಎಷ್ಟು ವರ್ಷ ರಿಪೇರಿ ಬೇಕು. ಮೆಟ್ರನ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸು. ರಾತ್ರಿ ಡ್ಯೂಟಿಯಲ್ಲಿ ಎಷ್ಟು ಪೇಷಂಟ್, ಎಷ್ಟು ನರ್ಸ್ ಅಂತ ರಿಜಿಸ್ಟರ್‌ನಿಂದ ತೆಗೆದು ಜೊತೆಗೆ ಇಡು. ಟ್ರಯಲ್ ರಿಪೋರ್ಟ್ ಪ್ರತಿ ಬೇಕೇ ಬೇಕು. ಲೆಕ್ಕ ಇರುವ ಫೈಲ್ ಅನ್ನು ಸುಮ್ನೆ ಪಕ್ಕಕ್ಕೆ ಇಡೋಕೆ ಆಗುವುದಿಲ್ಲ.

ಲೆಕ್ಕದ ಲತಾ
ಸಿಸ್ಟರ್, ಲೆಕ್ಕ ಹಾಕುವುದರಲ್ಲಿ ನಾನು ಸಹಾಯ ಮಾಡುತ್ತೇನೆ, ಖಾಸಗಿ ಸಂದೇಶ ಕಳಿಸಿ. ಮೌಲ್ಯಮಾಪನಕ್ಕೆ ವಿಷಯಗಳು ಸರ್ಕಾರದ ಇಲಾಖೆಗಳ ಮೂಲಕ ಹೋಗುತ್ತವೆ. ನರ್ಸ್ ನೇರವಾಗಿ ಕಳಿಸುವ ಹಾಗಿಲ್ಲ. ಹಾಗಾಗಿ ನಿಮ್ಮ ಕಾಗದ ಡೀನ್ ಆಫೀಸಿನಿಂದ ರಾಜ್ಯದ ಇಲಾಖೆಗೆ ಹೋಗಬೇಕು.

ತೆರಿಗೆದಾರ ಠಾಣೆ
ನನ್ನ ವಾರ್ಡಿನ ಮಾಜಿ ಕಾರ್ಪೊರೇಟರ್ ಪರಿಚಯ ಇದ್ದಾರೆ. ಅವರಿಂದ ಒಂದು ಪತ್ರ ಬರೆಸಲಾ? ಉಪಯೋಗ ಆಗುತ್ತದಾ?

ಡೊಂಬಿವಲಿ ಮಾವ
ಈಗ ಬೇಡ. ಮೊದಲು ಡೀನ್ ಆಫೀಸಿನ ಇನ್ವರ್ಡ್ ನಂಬರ್, ಅಂದರೆ ಕಾಗದ ತೆಗೆದುಕೊಂಡ ನಂಬರ್, ಬರಲಿ. ಒಂದು ತಿಂಗಳು ಏನೂ ಆಗದಿದ್ದರೆ ಆಗ ಬರೆಸಿ, ಆ ನಂಬರ್ ಪತ್ರದಲ್ಲಿ ಹಾಕಿ.

ತೆರಿಗೆದಾರ ಠಾಣೆ
ಆಯಿತು. ಸಿಸ್ಟರ್, ನಂಬರ್ ಬಂದ ಕೂಡಲೇ ತಿಳಿಸಿ.